ಕೊಂಬು

ಕುರ್ಲಾ ದಾಟಿ, ಗಾಡಿ ಹಳಿಯಿಂದ ಹಳಿಗೆ ಹಾಯುವ ಸದ್ದಿನಲ್ಲಷ್ಟೇ
ಕುಮುದಿನಿ ಸಾವರ್ಡೇಕರ್ ಬಾಯಿ ಬಿಡುತ್ತಾಳೆ.
ಅಲ್ಲಿಯವರೆಗೆ ಡೊಂಬಿವಲಿಯ ನೀರು, ಮಗಳ ಟ್ಯೂಷನ್,
ಮಸೀದ್ ಬಂದರಿನ ಗೋಣಿಚೀಲದ ಸೇಠನ ಜಿಪುಣತನ.
ಈಗ ನನ್ನ ಕಿವಿಗೆ ತುಟಿ ತಂದು, ಮರಾಠಿಯಲ್ಲಿ:
‘ಮತ್ತೆ ಶುರುವಾಗಿದೆ. ಕೆಳಗೆ. ಬೆಂಕಿ.’

ನಾಲ್ಕು ವರ್ಷದಿಂದ ಅದೇ ಮಾತ್ರೆ.
ಹೆಸರು ಹೇಳಲಾರಳು, ಹಳೆಯ ಖಾಲಿ ಪಟ್ಟಿ ತೋರಿಸುತ್ತಾಳೆ;
ಸ್ಟೇಷನ್ನಿನ ಎದುರಂಗಡಿಯ ಹುಡುಗ
ಕಾಗದದಲ್ಲಿ ಸುತ್ತಿ, ಎತ್ತಲೋ ನೋಡುತ್ತ ಕೊಡುತ್ತಾನೆ.
ಮೊದಮೊದಲು ಆರು ತಿಂಗಳು ಬಾಳುತ್ತಿತ್ತು ಅದರ ತಂಪು,
ಆಮೇಲೆ ಎರಡು,
ಆಮೇಲೆ ಒಂದು ಸಂಬಳದಿಂದ ಇನ್ನೊಂದು ಸಂಬಳಕ್ಕೆ.
ಗಂಡ ಪಡಸಾಲೆಯಲ್ಲಿ ಮಲಗುತ್ತಾನೆ, ಸೆಕೆ ಅನ್ನುತ್ತಾನೆ,
ಡಿಸೆಂಬರಿನಲ್ಲೂ.

ನಾನು ಡಾಕ್ಟರಲ್ಲ. ಪರೇಲಿನ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ
ಇಪ್ಪತ್ತೊಂದು ವರ್ಷದಿಂದ ಗಾಜಿನ ತಟ್ಟೆ ಓದುವವಳು.
ಓಪಿಡಿಗೆ ಬಾ ಅಂದೆ. ಐದು ಸಲ ಅಂದೆ.
ಆರನೆಯ ಸಲ ಬಂದಳು,
ರಜೆಯ ಚೀಟಿಯಲ್ಲಿ ಅತ್ತೆಯ ಮೊಣಕಾಲು ಬರೆದು.

ಹತ್ತಿಕಡ್ಡಿಗೆ ಅಂಟಿ ಬಂದದ್ದನ್ನು ಬೆಳೆಸಿ, ಬೇರೆ ತಟ್ಟೆಗೆ ಸವರಿ,
ನಡುವೆ ಅದೇ ಮದ್ದಿನ ಬಿಲ್ಲೆ ಇಟ್ಟು, ಬೆಚ್ಚಗೆ ಮುಚ್ಚಿದೆ.
ಮರುದಿನ ಬಿಲ್ಲೆಯ ಸುತ್ತ ಖಾಲಿ ಬಳೆ ಕಾಣಬೇಕು,
ಮದ್ದಿಗೆ ಅಂಜಿ ಹಿಂದೆ ಸರಿದ ಜಾಗ.
ಬಳೆಯಿಲ್ಲ.
ಅಂಚಿನವರೆಗೂ ಬೆಳ್ಳಗೆ, ಒತ್ತೊತ್ತಾಗಿ,
ನಿನಗೇ ಏನು ಕೊಂಬು ಎಂಬಂತೆ ಬಿಲ್ಲೆಗೆ ಮೈ ತಾಗಿಸಿ ನಿಂತಿತ್ತು.

ಆ ಮದ್ದು ಯಾರನ್ನೂ ಕೊಲ್ಲುವಂಥದಲ್ಲ.
ಮೈಗೆ ಗಿಲಾಯಿ ಮಾಡುವ ಮೇಸ್ತ್ರಿಯ ಅಂಗೈಯಲ್ಲಿ
ಹೋಗಿ ಕೂತುಬಿಡುತ್ತದೆ, ಕರಣೆ ಹಿಡಿಯಲಾಗದ ಹಾಗೆ.
ಆದರೆ ಇಲ್ಲಿ, ಮೇಸ್ತ್ರಿಯನ್ನು ಬರೆದ ಓಲೆಯಲ್ಲಿ
ಎಲ್ಲೋ ಒಂದಕ್ಷರ ಕೈತಪ್ಪಿದೆ,
ಅಂಗೈ ಕೂದಲೆಳೆಯಷ್ಟು ತಿರುಚಿದೆ.
ಕರಣೆ ನಿಲ್ಲುತ್ತದೆ. ಮದ್ದು ಜಾರುತ್ತದೆ.

ಮದ್ದಿನ ಮಕಾರಕ್ಕೆ ಕೊಂಬು ಬಂದರೆ ಮುದ್ದು.
ಆದದ್ದು ಅಷ್ಟೇ.
ಇದನ್ನು ಮರಾಠಿಯಲ್ಲಿ ಹೇಳುವುದು ಹೇಗೆ?

ಹಾಗಾಗಿ ಹೇಳಿದೆ: ನೋಡು, ಇದೇ ಎಂಟು ಹನ್ನೆರಡರ ಗಾಡಿ.
ಬಾಗಿಲಲ್ಲಿ ಒಬ್ಬಳು ಜೋತು ಬಿದ್ದಿದ್ದಾಳೆ,
ಅವಳಿಗೆ ನಾಲ್ಕನೇ ಸೀಟಿನ ಅಂಚೂ ಯಾರೂ ಕೊಟ್ಟಿಲ್ಲ.
ನಿನ್ನ ಮಾತ್ರೆ ಅಂದರೆ ದಾದರ್.
ಎಲ್ಲರನ್ನೂ ಇಳಿಸುತ್ತದೆ, ಅವಳೊಬ್ಬಳನ್ನು ಬಿಟ್ಟು.
ಈಗ ಬೆಂಚು ಅವಳದು, ಕಿಟಕಿ ಅವಳದು,
ಮುಂದೆ ಹತ್ತುವವರೆಲ್ಲ ಅವಳ ಮಕ್ಕಳು.

‘ಅಂದರೆ ಡಬ್ಬಿ ಖಾಲಿ ಮಾಡಿಕೊಟ್ಟವಳು ನಾನೇ?’

ಮಾಟುಂಗಾದ ವರ್ಕ್‌ಶಾಪು ಹಿಂದೆ ಹೋಗುವವರೆಗೂ
ನನ್ನಲ್ಲಿ ಮಾತಿರಲಿಲ್ಲ.
ದಿನಕ್ಕೆ ನೂರು ಸಲ ನಕಲು ಬರೆಯುವ ಕೈ
ಯಾರೂ ಹೇಳಿಕೊಡದೆಯೇ ತಪ್ಪುತ್ತದೆ.
ತಪ್ಪಿಗೆ ಜಾಗ ಸಿಕ್ಕಿತು, ಅದಷ್ಟೇ ನಿನ್ನದು, ಅಂಗಡಿ ಹುಡುಗನದು,
ಮೂರು ವರ್ಷ ಕೇಳಿಸಿಕೊಂಡು ಸುಮ್ಮನಿದ್ದ ನನ್ನದೂ.
ಇದರಲ್ಲಿ ಅರ್ಧ ಹೇಳಿದೆ.

ಡಾಕ್ಟರು ಬೇರೆ ಬರೆದಿದ್ದರು. ಎರಡು ವಾರದ ಕ್ಯಾಪ್ಸೂಲು,
ನುಂಗಬಾರದು ಎಂದು ಎರಡು ಗೆರೆ ಎಳೆದು.
ಕುಮುದಿನಿ ಚೀಟಿಯನ್ನು ಬೆಳಕಿಗೆ ಹಿಡಿದು
ಅಕ್ಷರ ಕೂಡಿಸಿ ಓದಿದಳು: ಬೋ-ರಿ-ಕ್.
ಲಾಲ್‌ಬಾಗಿನ ಚಾಳಿನಲ್ಲಿ ಅವಳ ಅಣ್ಣಂದಿರು
ಕೇರಂ ಬೋರ್ಡಿಗೆ ಉದುರಿಸುತ್ತಿದ್ದ ಪುಡಿ!
ಸ್ಟ್ರೈಕರ್ ಸುಳಿಯಲೆಂದು.
‘ನಾಲ್ಕು ವರ್ಷ ಉರಿದದ್ದಕ್ಕೆ ಕೇರಂ ಪುಡಿಯೇನೇ?’

ಅಷ್ಟರಲ್ಲಿ ದಾದರಿನ ಹೊರಗೆ ಸಿಗ್ನಲ್ ಬಿದ್ದು
ಗಾಡಿ ನಿಂತಿತ್ತು. ಸದ್ದು ನಿಂತಿತ್ತು.
ಅವಳ ಮಾತು ಇಡೀ ಡಬ್ಬಿಯ ಮೇಲೆ ಚೆಲ್ಲಿತು.
ಪಿನ್ನು ಮಾರುವವಳು ಸಹ ಬುಟ್ಟಿ ಅಲ್ಲಾಡಿಸಲಿಲ್ಲ.

ಎದುರು ಬೆಂಚಿನ ಹಸಿರು ದುಪಟ್ಟಾದವಳು
ಫೋನಿನಿಂದ ಕಣ್ಣೆತ್ತದೆ ಕೇಳಿದಳು:
‘ಆಸ್ಪತ್ರೆ ಯಾವುದು ಅಂದಿರಿ?’